ಬಾಳ್ಗಚ್ಚು ಮತ್ತು ನೆತ್ತರುಗೊಡಗೆ
(ಕನ್ನಡ ನಾಡಿನಲ್ಲಿ ಯೋಧರ ವೇತನವೂ ಮರ್ಯಾದೆಯೂ)

ಯೋಧನು ಪ್ರಭುವಿಗೆ ಒಪ್ಪಿಸುವುದು ತನ್ನ ಪ್ರಾಣವನ್ನು. ಪ್ರಭುವು ಯೋಧನಿಗೆ ಕೊಡುವುದು ಧಾನ್ಯವನ್ನೋ ಹಣವನ್ನೋ ಭೂಮಿಯನ್ನೋ. ಇವೆರಡನ್ನು ಒಂದೇ ತಕ್ಕಡಿಯಲ್ಲಿಟ್ಟು ಸರಿತೂಗಿಸುವುದು ಯಾವ ರಾಜ್ಯಕ್ಕೂ ಸಾಧ್ಯವಾಗಿಲ್ಲ. ಆ ಕೊರತೆಯನ್ನು ತುಂಬುವುದಕ್ಕಾಗಿಯೇ ಸಮಾಜವು ವೇತನದೊಡನೆ ಮರ್ಯಾದೆಯನ್ನು ಸೇರಿಸಿತು. ಆದರೆ ಮರ್ಯಾದೆಯು ಬರಿಯ ಬಾಯಿಮಾತಾದರೆ ಮಡಿದವನ ಹೆಂಡಿರುಮಕ್ಕಳ ಹಸಿವು ನೀಗಲಾರದು. ವೇತನವು ಮರ್ಯಾದೆಯಿಲ್ಲದ್ದಾದರೆ ಯೋಧನಿಗೂ ಕೂಲಿಯಾಳಿಗೂ ಭೇದವುಳಿಯದು. ಈ ಎರಡನ್ನು ಒಂದುಗೂಡಿಸಿದ ಪದ್ಧತಿಯೊಂದು ಪೂರ್ವಕಾಲದ ಕರ್ಣಾಟಕದಲ್ಲಿ ಇತ್ತೆಂಬುದಕ್ಕೆ ಶಾಸನಗಳೇ ಸಾಕ್ಷಿ.

ಸೈನಿಕರ ವೇತನವನ್ನು ಅಂಕಿಸಂಖ್ಯೆಗಳೊಡನೆ ವಿವರಿಸುವ ಪ್ರಾಚೀನ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ಮುಖ್ಯವಾದುದು. ಬಹುಕಾಲ ಮರೆಯಾಗಿದ್ದ ಈ ಗ್ರಂಥವನ್ನು ಮೈಸೂರಿನಲ್ಲಿ ದೊರೆತ ಹಸ್ತಪ್ರತಿಯಿಂದ ೧೯೦೯ರಲ್ಲಿ ಮೊದಲು ಪ್ರಕಟಿಸಿದವರು ವಿದ್ವಾನ್ ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಸೇನಾಪತಿಗೆ ೪೮,೦೦೦ ಪಣಗಳೂ ಶಿಕ್ಷಣ ಪಡೆದ ಕಾಲಾಳಿಗೆ ೫೦೦ ಪಣಗಳೂ ವಿಧಿಸಲ್ಪಟ್ಟಿವೆ. ತೊಂಬತ್ತಾರು ಪಟ್ಟು ಅಂತರವಿರುವ ಈ ಲೆಕ್ಕದ ಪಕ್ಕದಲ್ಲಿಯೇ, ಕೆಲಸದಲ್ಲಿ ಮಡಿದವರ ಹೆಂಡಿರುಮಕ್ಕಳಿಗೆ ಅನ್ನವೂ ವೇತನವೂ ಸಲ್ಲತಕ್ಕುದೆಂಬ ವಿಧಿಯೂ ಇದೆ. ಯುದ್ಧಾರಂಭದಲ್ಲಿ ದೊರೆಯು ಸೈನಿಕರೆದುರು ನಿಂತು, ತಾನೂ ಅವರಂತೆಯೇ ಸಂಬಳದವನೆಂದೂ ಈ ರಾಜ್ಯವನ್ನು ಅವರೊಡನೆಯೇ ಅನುಭವಿಸತಕ್ಕವನೆಂದೂ ಹೇಳಬೇಕಂತೆ. ಗಾಯಾಳುಗಳಿಗಾಗಿ ಶಸ್ತ್ರ, ಔಷಧ, ತೈಲ, ಬಟ್ಟೆಗಳೊಡನೆ ವೈದ್ಯರು ಸೈನ್ಯದ ಹಿಂಗಡೆ ಇರಬೇಕಂತೆ. ಸೈನ್ಯವನ್ನು ಕೇವಲ ಶೌರ್ಯದ ಮೇಲೆ ಬಿಡದೆ ಲೆಕ್ಕದ ಮೇಲೂ ನಿಲ್ಲಿಸಬೇಕೆಂಬುದು ಆ ಶಾಸ್ತ್ರಕಾರನ ನಿರ್ಣಯ.

ಶಾಸ್ತ್ರವು ವಿಧಿಸಿದುದನ್ನು ಕನ್ನಡ ನಾಡು ತನ್ನದೇ ಆದ ಮಾತುಗಳಲ್ಲಿ ಆಚರಿಸಿತು. ಹಳೆಗನ್ನಡದಲ್ಲಿ ‘ಜೋಳವಾಳಿ’ ಎಂಬ ಪದವುಂಟು. ಒಡೆಯನ ಜೋಳವನ್ನು ಉಂಡವನು ಆ ಅನ್ನದ ಋಣವನ್ನು ರಣದಲ್ಲಿ ತೀರಿಸಬೇಕೆಂಬ ಕಟ್ಟಳೆಯೇ ಜೋಳವಾಳಿ. ಇದಕ್ಕಿಂತ ಉಗ್ರವಾದುದು ‘ವೇಳೆವಾಳಿ’. ಒಡೆಯನಿಗೆ ಅಂತ್ಯವೇಳೆ ಬಂದರೆ ತಾನೂ ಉಳಿಯೆನೆಂಬ ಪ್ರತಿಜ್ಞೆಯದು. ಹೊಯ್ಸಳ ಎರಡನೆಯ ವೀರಬಲ್ಲಾಳನ ದಂಡನಾಯಕನಾದ ಕುವರಲಕ್ಷ್ಮನು ತನ್ನ ಪತ್ನಿಯೊಡನೆಯೂ ಪರಿವಾರದ ವೀರರೊಡನೆಯೂ ದೊರೆಗಾಗಿ ಪ್ರಾಣಾರ್ಪಣೆ ಮಾಡಿದ ಸಂಗತಿಯನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಸ್ತಂಭವು ಇಂದಿಗೂ ಸಾರುತ್ತಿದೆ.

ಜೋಳವಾಳಿಯು ಆಳಿನ ಋಣವಷ್ಟೆ. ಆ ಆಳು ಹೋರಾಡಿ ಗೆದ್ದ ಬಳಿಕ, ಅಥವಾ ಮಡಿದ ಬಳಿಕ, ಯಾರು ಯಾರಿಗೆ ಋಣಿ? ಇಲ್ಲಿ ಲೆಕ್ಕವು ತಿರುಗುತ್ತದೆ. ಆಗ ಒಡೆಯನೇ ಋಣಿಯಾಗುತ್ತಾನೆ. ಆ ಋಣವನ್ನು ತೀರಿಸುವ ಬಗೆಗಳಿಗೂ ನಮ್ಮ ಭಾಷೆಯಲ್ಲಿ ಬೇರೆ ಬೇರೆ ಹೆಸರುಗಳಿದ್ದುವು.

ಗೆದ್ದು ಬಂದವನ ರಕ್ತಸಿಕ್ತವಾದ ಕತ್ತಿಯನ್ನು ತೊಳೆದು ಕೊಡುವ ದತ್ತಿಗೆ ‘ಬಾಳ್ಗಚ್ಚು’ ಎಂದು ಹೆಸರು. ಸುಮಾರು ೪೫೦ರದೆಂದು ಎಣಿಸಲ್ಪಟ್ಟಿರುವ, ಹಾಸನ ಜಿಲ್ಲೆಯ ಹಲ್ಮಿಡಿಯ ಪ್ರಸಿದ್ಧ ಶಾಸನವು ಇಂಥದೇ ಒಂದು ದತ್ತಿಯ ಪತ್ರ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳು ಅದರಲ್ಲಿ ಬಾಳ್ಗಚ್ಚಾಗಿ ಸಂದಿವೆ. ಕನ್ನಡದ ಅತಿ ಪುರಾತನ ಬರಹಗಳಲ್ಲಿ ಒಂದಾದ ಇದು ಕಾವ್ಯವೂ ಅಲ್ಲ, ದೇವರ ಸ್ತೋತ್ರವೂ ಅಲ್ಲ; ಯೋಧನೊಬ್ಬನಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ ದಾಖಲೆ ಎಂಬುದನ್ನು ವಾಚಕರು ಗಮನಿಸಬೇಕು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು (ಶಕ ೮೭೨) ಇದೇ ಪದ್ಧತಿಯನ್ನು ಇನ್ನೂ ವಿಶದಪಡಿಸುತ್ತದೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಬಳಿಕ ರಾಷ್ಟ್ರಕೂಟ ಮೂರನೆಯ ಕೃಷ್ಣನು ಗಂಗ ಬೂತುಗನಿಗೆ ಬನವಾಸಿ ಪನ್ನಿರ್ಚ್ಛಾಸಿರವೇ ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನಾದರೋ ತನ್ನ ಕೆಚ್ಚಾಳಾದ ಮಣಲೇರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕಾದಿಯೂರನ್ನೂ ಬಾಳ್ಗಚ್ಚಾಗಿ ಕೊಟ್ಟನು. ದೊರೆಯಿಂದ ಸಾಮಂತನಿಗೆ, ಸಾಮಂತನಿಂದ ಭಟನಿಗೆ, ಮೆಟ್ಟಿಲುಮೆಟ್ಟಿಲಾಗಿ ಋಣವು ಸಲ್ಲುತ್ತ ಇಳಿಯಿತು. ಅದೇ ಕಲ್ಲಿನಲ್ಲಿ, ಮಣಲೇರನು ಒಡೆಯನಿಂದ ಬೇಡಿ ಪಡೆದ ಕಾಳಿಯೆಂಬ ಬೇಟೆನಾಯಿಯು ಹಂದಿಯೊಡನೆ ಕಾದಿ ಸತ್ತುದೂ, ಅದರ ಕಲ್ಲಿನ ಪೂಜೆಗಾಗಿ ಭೂಮಿ ಬಿಟ್ಟುದೂ ಬರೆಯಲ್ಪಟ್ಟಿವೆ. ನಾಯಿಯ ನಿಷ್ಠೆಯನ್ನೂ ಮರೆಯದ ಕಾಲವದು.

ಮಡಿದವನ ಪಾಲಿಗೆ ಸಲ್ಲುತ್ತಿದ್ದ ಭೂಮಿಗೆ ‘ನೆತ್ತರುಗೊಡಗೆ’ ಎಂದು ಹೆಸರು. ನೆತ್ತರಿಗೆ ಪ್ರತಿಯಾಗಿ ಕೊಟ್ಟ ಕೊಡುಗೆ ಎಂದರ್ಥ. ಬೆಂಗಳೂರಿನ ಸಮೀಪದ ಬೇಗೂರಿನಲ್ಲಿ ದೊರೆತ ಗಂಗರ ಕಾಲದ ಕಲ್ಲೊಂದು ಮಡಿದವನ ಋಣವನ್ನು ದೊರೆಯು ಹೇಗೆ ತೀರಿಸಿದನೆಂಬುದನ್ನು ತಿಳಿಸುತ್ತದೆ. ಅಯ್ಯಪದೇವನ ಸಹಾಯಕ್ಕಾಗಿ ಕಳುಹಿಸಲ್ಪಟ್ಟ ನಾಗತ್ತರನು ವೀರಮಹೇಂದ್ರನ ಸೈನ್ಯದೊಡನೆ ತುಂಬೆಪಾದಿಯಲ್ಲಿ ಕಾದಿ, ಆನೆಗಳ ನಡುವೆ ನುಗ್ಗಿ ಮಡಿದನು. ಅದನ್ನು ಕೇಳಿದ ಎರೆಯಪರಸನು ಇರುಗನಿಗೆ ನಾಗತ್ತರನೆಂಬ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ವ್ಯಕ್ತಿಯು ಅಳಿದರೂ ಪದವಿಯು ಅಳಿಯಲಿಲ್ಲ.

ಇವು ದೊಡ್ಡವರ ಮಾತಾಯಿತು. ಆದರೆ ನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಅನೇಕವು ದಂಡನಾಯಕರವಲ್ಲ. ತುರುಗೊಳ್ಳಿದವರನ್ನು ಬೆನ್ನಟ್ಟಿ ಹಸುಗಳನ್ನು ಮರಳಿಸಿ ಸತ್ತವರವು, ಊರಳಿವಿನಲ್ಲಿ ಹೆಂಗಸರ ಮಾನ ಕಾದು ಸತ್ತವರವು. ಅವರಿಗೆ ಯಾವ ಅರಮನೆಯ ಸಂಬಳವೂ ಇರಲಿಲ್ಲ. ಅಂಥವರ ಮನೆತನಕ್ಕೆ ಊರ ಗೌಡನೂ ಪ್ರಜೆಗಳೂ ಕೂಡಿ ಗದ್ದೆಯನ್ನೋ ಹೊಲವನ್ನೋ ಬಿಟ್ಟುಕೊಟ್ಟ ನಿದರ್ಶನಗಳು ಶಾಸನಗಳಲ್ಲಿ ಬಹಳವಾಗಿವೆ. ರಾಜನ ಋಣವನ್ನು ರಾಜನೂ ಊರಿನ ಋಣವನ್ನು ಊರೂ ತೀರಿಸುತ್ತಿದ್ದುವು.

ವೀರಗಲ್ಲಿನ ರೂಪವೂ ವಿಚಾರಾರ್ಹವಾದುದು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ನೋಟ, ಮೇಲೆ ದೇವಸನ್ನಿಧಿ. ಇಷ್ಟನ್ನೇ ನೋಡಿ, ಸ್ವರ್ಗದ ಆಸೆ ತೋರಿಸಿ ಬಡವರನ್ನು ಸಾವಿಗೆ ದೂಡುತ್ತಿದ್ದರೆಂದು ಆಕ್ಷೇಪಿಸುವವರುಂಟು. ಆ ಆಕ್ಷೇಪವು ಪೂರ್ಣವಾಗಿ ನಿರಾಧಾರವಲ್ಲ. ಗೆದ್ದರೆ ಸಿರಿ, ಸತ್ತರೆ ಸುರಾಂಗನೆಯರು ಎಂಬ ಅಭಿಪ್ರಾಯದ ಶ್ಲೋಕವು ಎಷ್ಟೋ ಕಲ್ಲುಗಳ ಮೇಲಿದೆ. ದತ್ತಿಯ ಮಾತೇ ಇಲ್ಲದ ಕಲ್ಲುಗಳೂ, ವೀರನ ಹೆಸರೇ ಇಲ್ಲದ ಕಲ್ಲುಗಳೂ ಅನೇಕವಿವೆ. ಸಾಮಂತನಿಗೆ ಹನ್ನೆರಡು ಹಳ್ಳಿಗಳು ಸಂದಾಗ ಸಾಮಾನ್ಯ ಭಟನ ಮನೆಗೆ ಸಂದುದು ಒಂದು ತುಂಡು ಗದ್ದೆ ಮಾತ್ರ. ಆದರೂ ದತ್ತಿಯಿರುವ ಕಲ್ಲುಗಳಲ್ಲಿ ಚಿತ್ರದ ಪಕ್ಕದಲ್ಲಿಯೇ ಭೂಮಿಯ ವಿವರವಿರುತ್ತದೆ. ಅದರ ಕೆಳಗೆ, ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ರೀತಿಯ ಶಾಪವಿರುತ್ತದೆ. ಈ ಶಾಪವು ಕಾಪಾಡುತ್ತಿದ್ದುದು ಯಾರನ್ನು? ಗಂಡನನ್ನು ಕಳೆದುಕೊಂಡವಳನ್ನು, ತಂದೆಯನ್ನು ಕಳೆದುಕೊಂಡ ಶಿಶುವನ್ನು. ಆದುದರಿಂದ ವೀರಗಲ್ಲು ಪ್ರಶಸ್ತಿಯೂ ಹೌದು, ಊರ ನಡುವೆ ನೆಟ್ಟ ಹಕ್ಕುಪತ್ರವೂ ಹೌದು.

ಕಾಲಕ್ರಮದಲ್ಲಿ ಈ ಸಂಬಂಧವು ಮಾರ್ಪಟ್ಟಿತು. ಕೊಡಗಿನಲ್ಲಿ ಮಾತ್ರ ಸೇವೆಗೂ ಭೂಮಿಗೂ ಇದ್ದ ನಂಟು ಜಮ್ಮಾ ಹಿಡುವಳಿಯ ರೂಪದಲ್ಲಿ ಬಹುಕಾಲ ಉಳಿಯಿತು. ರಾಜರು ಕರೆದಾಗ ಆಯುಧದೊಡನೆ ಬರಬೇಕಾದ ಮನೆತನಗಳು ಸಾಗು ಭೂಮಿಯ ಅರ್ಧದಷ್ಟು ಕಂದಾಯಕ್ಕೆ ಜಮ್ಮಾ ಭೂಮಿಯನ್ನು ಅನುಭವಿಸುತ್ತಿದ್ದುವು. ಮೈಸೂರಿನಲ್ಲಿ ಕಂದಾಚಾರದ ಕಾಲಾಳುಗಳು ಕೆಲವಂಶ ಭೂಮಿಯನ್ನೂ ಕೆಲವಂಶ ನಗದನ್ನೂ ಪಡೆಯುತ್ತಿದ್ದರು. ಸಿಲೇದಾರ ಸವಾರನು ತನ್ನ ಕುದುರೆಯನ್ನು ತಾನೇ ತಂದು ತಿಂಗಳ ಸಂಬಳಕ್ಕೆ ನಿಲ್ಲುತ್ತಿದ್ದನು. ಕುದುರೆಯೇ ಅವನ ಬಂಡವಾಳ. ನಗದು ಸಂಬಳವು ಬಂದಂತೆ ಲೆಕ್ಕವು ಸುಲಭವಾಯಿತು. ಯೋಧನಿಗೂ ಊರಿಗೂ ಇದ್ದ ಕೊಂಡಿಯು ಸಡಿಲವಾಯಿತು. ಅವನ ಹೆಸರು ಊರ ಕಲ್ಲಿನಿಂದ ದಂಡಿನ ಕಡತಕ್ಕೆ ಹೋಯಿತು.

೧೯೧೮ನೆಯ ಸೆಪ್ಟೆಂಬರ್ ೨೩ರಂದು ಮೈಸೂರು ಲ್ಯಾನ್ಸರ್ಸ್ ದಳದ ಸವಾರರು ಜೋಧಪುರದವರೊಡನೆ ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಹಿಡಿದರು. ಕಾರ್ಮೆಲ್ ಬೆಟ್ಟದ ಫಿರಂಗಿಗಳ ಮೇಲೆ ಏರಿಹೋದವರು ಮೈಸೂರಿನವರು. ಹೈದರಾಬಾದು, ಜೋಧಪುರ, ಮೈಸೂರು ಸಂಸ್ಥಾನಗಳ ದಳಗಳ ನೆನಪಿಗೆ ದೆಹಲಿಯಲ್ಲಿ ೧೯೨೨ರಲ್ಲಿ ಮೂರು ಮೂರ್ತಿಗಳ ಸ್ಮಾರಕವು ನಿಂತಿತು. ಸ್ಮಾರಕವು ಭವ್ಯವಾದುದೇ; ಆದರೆ ಮಡಿದ ಸವಾರನ ತಾಯಿಯು ದಿನವೂ ನೀರಿಗೆ ಹೋಗುವ ದಾರಿಯಲ್ಲಿ ಅದು ನಿಂತಿರಲಿಲ್ಲ.

ಸ್ವತಂತ್ರ ಭಾರತದಲ್ಲಿ ಯೋಧನ ವಿಶ್ರಾಂತಿವೇತನವೂ ಮಡಿದವನ ಪತ್ನಿಯ ಕುಟುಂಬವೇತನವೂ ದೊರೆಯ ದಯೆಯಾಗಿರದೆ ಕಾನೂನಿನ ಹಕ್ಕುಗಳಾಗಿವೆ. ೧೯೪೯ರಿಂದ ಡಿಸೆಂಬರ್ ೭ನೆಯ ದಿನವನ್ನು ಸೈನ್ಯಧ್ವಜ ದಿನವಾಗಿ ಆಚರಿಸಿ ಪ್ರಜೆಗಳಿಂದ ನಿಧಿ ಕೂಡಿಸಲಾಗುತ್ತಿದೆ. ಒಂದೇ ದರ್ಜೆಯಲ್ಲಿ ಒಂದೇ ಅವಧಿ ದುಡಿದವರಿಗೆ, ಅವರು ಎಂದೇ ನಿವೃತ್ತರಾಗಿರಲಿ, ಒಂದೇ ವಿಶ್ರಾಂತಿವೇತನ ಸಲ್ಲಬೇಕೆಂಬ ಆಜ್ಞೆಯು ೨೦೧೫ನೆಯ ನವೆಂಬರಿನಲ್ಲಿ ಹೊರಟಿತು. ಅದನ್ನು ಪಡೆಯಲು ಮುದಿಯೋಧರು ದೆಹಲಿಯ ಬೀದಿಯಲ್ಲಿ ಕುಳಿತು ಕೇಳಬೇಕಾಯಿತು. ಋಣವನ್ನು ಸಾಲಗಾರನು ತಾನಾಗಿ ನೆನೆದು ತೀರಿಸುವುದಕ್ಕೂ ಕೇಳಿಸಿಕೊಂಡು ತೀರಿಸುವುದಕ್ಕೂ ಇರುವ ಅಂತರವು ಹಣದ ಅಂತರವಲ್ಲ, ಮರ್ಯಾದೆಯ ಅಂತರ.

ಇಂದು ಎಷ್ಟೋ ವೀರಗಲ್ಲುಗಳು ಬಟ್ಟೆ ಒಗೆಯುವ ಬಂಡೆಗಳಾಗಿ, ಜಗಲಿಯ ಮೆಟ್ಟಿಲುಗಳಾಗಿ, ಹೊಲದ ಬದುವಿನಲ್ಲಿ ಅರೆಹೂತು ಬಿದ್ದಿವೆ. ಅವುಗಳನ್ನು ಎತ್ತಿ ನಿಲ್ಲಿಸಿ ಓದಿಸುವುದು ಊರವರಿಗೆ ಕಷ್ಟದ ಕೆಲಸವಲ್ಲ. ಊರಿನಿಂದ ಸೈನ್ಯಕ್ಕೆ ಹೋಗಿ ಮರಳದವನ ಹೆಸರನ್ನು ಆ ಹಳೆಯ ಕಲ್ಲಿನ ಪಕ್ಕದಲ್ಲಿಯೇ ಹೊಸ ಕಲ್ಲಿನಲ್ಲಿ ಕೊರೆಯಿಸಿ, ಅವನ ಮನೆಯವರಿಗೆ ಸಲ್ಲಬೇಕಾದುದು ಸಲ್ಲುತ್ತಿದೆಯೇ ಎಂದು ವರ್ಷಕ್ಕೊಮ್ಮೆ ವಿಚಾರಿಸುವುದೂ ಕಷ್ಟವಲ್ಲ. ಸರ್ಕಾರವು ಕೊಡುವುದು ವೇತನ. ನೆತ್ತರಿನ ಋಣದಲ್ಲಿ ಊರಿನ ಪಾಲನ್ನು ಊರೇ ತೀರಿಸಬೇಕು.