ತಕ್ಕಡಿ ಹಿಡಿದ ಕೈ ಯಾರದು?

ದೇಶದ ಭದ್ರತೆ, ಪ್ರಜೆಯ ಸ್ವಾತಂತ್ರ್ಯ ಎರಡನ್ನೂ ಸಮನಾಗಿ ತೂಗಬೇಕು ಅಂತ ನ್ಯಾಯಾಲಯಗಳೂ ಪತ್ರಿಕೆಗಳೂ ಹೇಳುತ್ತಲೇ ಬಂದಿವೆ. ಮಾತು ಸರಿ. ಆದರೆ ಯಾರ ಸ್ವಾತಂತ್ರ್ಯವನ್ನು ತಟ್ಟೆಯಲ್ಲಿಟ್ಟು ಯಾರ ಭದ್ರತೆಯನ್ನು ತೂಗಿದರು ಎಂದು ಕೇಳದೆ ಈ ಚರಿತ್ರೆಯನ್ನು ಓದಲಾಗದು ಎಂಬುದು ನನ್ನ ವಾದ.

1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿಗೆ ಸೇರಿಸಿತು. ಕುಲ ನೋಡಿ ಶಿಕ್ಷೆ ಕೊಡುವುದು ಮನುಧರ್ಮಕ್ಕೆ ಹೊಸದೇನಲ್ಲವಲ್ಲ! 1919ರ ರೌಲಟ್ ಕಾಯ್ದೆಯ ವಿರುದ್ಧ ದೇಶವೇ ಸಿಡಿದೆದ್ದಿತು, 1922ರಲ್ಲಿ ಅದು ರದ್ದಾಯಿತು. ಅಲೆಮಾರಿಗಳ ಕೊರಳಿನ ಕಾಯ್ದೆ ಮಾತ್ರ 1952ರವರೆಗೂ ಉಳಿಯಿತು.

ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಈ ಅಪಾಯವನ್ನು ಕಂಡಿದ್ದರು. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು ಎಂಬ ರಕ್ಷಣೆಯನ್ನು 1949ರ ಸೆಪ್ಟೆಂಬರಿನಲ್ಲಿ ಅವರೇ ಮಂಡಿಸಿದರು. ಅದೇ ಇಂದಿನ 22ನೇ ವಿಧಿ. ಆದರೆ ಮುನ್ನೆಚ್ಚರಿಕೆ ಬಂಧನಕ್ಕೂ ಅದರೊಳಗೇ ಜಾಗವಿತ್ತು. 1950ರಲ್ಲೇ ಅಂಥ ಕಾಯ್ದೆ ಬಂತು, 1971ರಲ್ಲಿ ಮೀಸಾ.

ಪಂಜಾಬಿನ ಹೆಸರಲ್ಲಿ 1985ರಲ್ಲಿ ಬಂದ ಟಾಡಾ, ಪೊಲೀಸ್ ಅಧಿಕಾರಿಯ ಎದುರಿನ ತಪ್ಪೊಪ್ಪಿಗೆಯನ್ನೂ 1987ರಿಂದ ಸಾಕ್ಷ್ಯವಾಗಿಸಿತು. ಠಾಣೆಯ ಒಳಗೆ ತಪ್ಪೊಪ್ಪಿಗೆ ಹೇಗೆ ಹುಟ್ಟುತ್ತದೆ ಅಂತ ನಮ್ಮ ಕೇರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1994ರ ಕರ್ತಾರ್ ಸಿಂಗ್ ತೀರ್ಪಿನಲ್ಲಿ ಬಹುಮತ ಇದನ್ನು ಎತ್ತಿಹಿಡಿಯಿತು. ದಲಿತ ಸಮುದಾಯದಿಂದ ಬಂದ ನ್ಯಾಯಮೂರ್ತಿ ಕೆ. ರಾಮಸ್ವಾಮಿ ಒಪ್ಪಲಿಲ್ಲ, ಆರ್.ಎಂ. ಸಹಾಯ್ ಕೂಡ ಒಪ್ಪಲಿಲ್ಲ. 1995ರಲ್ಲಿ ಟಾಡಾ ಮುಗಿಯುವ ಹೊತ್ತಿಗೆ ಬಂಧಿತರು 76 ಸಾವಿರಕ್ಕೂ ಹೆಚ್ಚು, ಶಿಕ್ಷೆಯಾದವರು ನೂರಕ್ಕೆ ಇಬ್ಬರೂ ಇಲ್ಲ.

ನಮ್ಮ ನಾಡಿನ ಕತೆ ನೋಡಿ. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ವೀರಪ್ಪನ್ ನೆಲಬಾಂಬಿಗೆ 22 ಮಂದಿ ಸತ್ತರು. ಆ ಸಾವುಗಳನ್ನು ನಾನು ಹಗುರ ಮಾಡಲಾರೆ. ಸತ್ತವರಲ್ಲಿ ಪೊಲೀಸರಿದ್ದರು, ಅರಣ್ಯ ಸಿಬ್ಬಂದಿಯಿದ್ದರು, ಮಾಹಿತಿ ಕೊಟ್ಟ ಬಡವರಿದ್ದರು. ಭದ್ರತೆ ಬಡವನಿಗೂ ಬೇಕು. ಆದರೆ ಅದರ ಹೆಸರಲ್ಲಿ ಕಾಡಂಚಿನ ಸೋಲಿಗರು, ಕೂಲಿಗಳು, ಹೆಂಗಸರು ಸೇರಿ ನೂರಕ್ಕೂ ಹೆಚ್ಚು ಜನ ಟಾಡಾ ಕೈದಿಗಳಾದರು. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ಬಹುಪಾಲು ಜನರನ್ನು ಬಿಟ್ಟಿತು. ಅಷ್ಟರಲ್ಲಿ ವರ್ಷಗಳೇ ಜೈಲಲ್ಲಿ ಕಳೆದುಹೋಗಿದ್ದವು. ಕಾರ್ಯಪಡೆಯ ಚಿತ್ರಹಿಂಸೆಯ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಿಸಿತು. ಮುಂದೆ ಒಳಮೀಸಲಾತಿ ವರದಿ ಕೊಟ್ಟವರೂ ಇವರೇ. 2007ರಲ್ಲಿ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಸೂಚಿಸಿತು. ಹಣ ಕೊಡಿ ಅಂದದ್ದಾಯಿತು, ಹೊಡೆದವರಿಗೆ ಏನಾಯಿತು?

ಟಾಡಾ ಹೋಯಿತು, 2002ರಲ್ಲಿ ಪೋಟಾ ಬಂತು, 2004ರಲ್ಲಿ ಅದೂ ಹೋಯಿತು. ಅದರ ಬಹಳಷ್ಟು ಅಂಶಗಳು 1967ರ ಯುಎಪಿಎ ಒಳಗೆ ಸೇರಿಕೊಂಡವು. 2008ರ ತಿದ್ದುಪಡಿ ಜಾಮೀನನ್ನೇ ದುರ್ಲಭ ಮಾಡಿತು. ವಿಚಾರಣೆಯೇ ಶಿಕ್ಷೆಯಾಯಿತು. ಆನಂದ ತೇಲ್ತುಂಬ್ಡೆ 2020ರ ಅಂಬೇಡ್ಕರ್ ಜಯಂತಿಯಂದೇ ಶರಣಾಗಿ, 2022ರ ನವೆಂಬರಿನಲ್ಲಿ ಜಾಮೀನಿನ ಮೇಲೆ ಹೊರಬಂದರು. ಸ್ಟ್ಯಾನ್ ಸ್ವಾಮಿ ಬಂಧನದಲ್ಲಿದ್ದಾಗಲೇ 2021ರಲ್ಲಿ ತೀರಿಕೊಂಡರು.

ನಮ್ಮ ವಿಮರ್ಶೆ ಕಾವ್ಯ, ಕಾದಂಬರಿಗಳಿಗೆ ನಿಲ್ಲಬಾರದು. ಆರೋಪಪಟ್ಟಿ, ತಪ್ಪೊಪ್ಪಿಗೆ, ಪಂಚನಾಮೆ ಇವೂ ಪ್ರಭುತ್ವ ನಮ್ಮ ಬಗ್ಗೆ ಬರೆದ ಕಥನಗಳೇ. ಸಹಿ ಬಾರದವನ ಹೆಬ್ಬೆಟ್ಟಿನ ಮೇಲೆ ಬರೆದದ್ದು ಯಾರ ಮಾತು ಅಂತ ನಾವು ಕೇಳದಿದ್ದರೆ ಇನ್ನು ಯಾರು ಕೇಳಬೇಕು?