ಆರು ನಿಮಿಷದ ಸಾಲ

2018ರ ಮಾರ್ಚ್ ಆರಂಭದಲ್ಲಿ ಯುರೋಪಿನ 25 ದೇಶಗಳಲ್ಲಿ ಮಂಚದ ಪಕ್ಕದ ಎಷ್ಟೋ ಕ್ಲಾಕ್ ರೇಡಿಯೋಗಳು ಸುಮಾರು ಆರು ನಿಮಿಷ ತಡವಾಗಿ ಎಬ್ಬಿಸುತ್ತಿದ್ದವು. ಕೆಟ್ಟಿದ್ದು ಗಡಿಯಾರವಲ್ಲ, ಕರೆಂಟು.

ಪ್ಲಗ್ಗಿಗೆ ಸಿಕ್ಕಿಸುವ ಇಂಥ ಗಡಿಯಾರಗಳಲ್ಲಿ ಬಹಳಷ್ಟು ವಿದ್ಯುತ್ತಿನ ಆವರ್ತನವನ್ನೇ ಎಣಿಸುತ್ತವೆ: ಐವತ್ತು ಆದರೆ ಒಂದು ಸೆಕೆಂಡು. ಅಗ್ಗದ ಉಪಾಯ, ಆದರೆ ದಡ್ಡ ಉಪಾಯವಲ್ಲ. ಆವರ್ತನ ತುಸು ಕುಸಿದರೆ ಗ್ರಿಡ್ ನಡೆಸುವವರು ಆಮೇಲೆ ಏರಿಸಿ ಸರಿದೂಗಿಸುತ್ತಿದ್ದರು. ಆ ಜನವರಿ ಮಧ್ಯದಿಂದ ಅದು ಆಗಲಿಲ್ಲ. ಕೊಸೊವೊ ತಾನು ಉತ್ಪಾದಿಸಿದ್ದಕ್ಕಿಂತ ಹೆಚ್ಚು ಬಳಸಿತು. ಕೊರತೆ ತುಂಬಬೇಕಿದ್ದ ಸರ್ಬಿಯಾ ತುಂಬಲಿಲ್ಲ. 2008ರಲ್ಲಿ ಕೊಸೊವೊ ಘೋಷಿಸಿಕೊಂಡ ಸ್ವಾತಂತ್ರ್ಯವನ್ನು ಸರ್ಬಿಯಾ ಒಪ್ಪಿಲ್ಲ. ಜಗಳದ ಬೇರು ಅಲ್ಲಿದೆ. 113 ಗಿಗಾವ್ಯಾಟ್-ಗಂಟೆ ಖೋತಾ ಬಿತ್ತು. ಸರಾಸರಿ ಆವರ್ತನ ಇಳಿದದ್ದು 49.996 ಹರ್ಟ್ಸ್‌ಗೆ ಮಾತ್ರ. ಬಲ್ಬಿಗೆ, ಫ್ರಿಜ್ಜಿಗೆ ಅದು ಲೆಕ್ಕಕ್ಕೇ ಇಲ್ಲ. ಎಣಿಸುತ್ತ ಕೂತ ಗಡಿಯಾರಕ್ಕೆ ದಿನಕ್ಕೆ ಏಳು ಸೆಕೆಂಡು.

ಫ್ರಾಂಕ್‌ಫರ್ಟ್ ಬಳಿಯ ಮೈನ್‌ಫ್ಲಿಂಗೆನ್‌ನಿಂದ ಬರುವ ಡಿಸಿಎಫ್77 ರೇಡಿಯೋ ಸಂಕೇತ ಕೇಳಿ ಸಮಯ ತಿದ್ದಿಕೊಳ್ಳುವ ಗಡಿಯಾರ ಕೊಂಡವರಿಗೆ ಈ ಜಗಳ ತಟ್ಟಲೇ ಇಲ್ಲ. ಆಯ್ಕೆಯಲ್ಲಿ ನೋಡಬೇಕಾದ್ದು ಇದನ್ನೇ, ಆದರೆ ಡಬ್ಬದ ಮೇಲೆ ದೊಡ್ಡದಾಗಿ ಕಾಣುವುದು ಸ್ಪೀಕರಿನ ಬಡಾಯಿ.

ಏಪ್ರಿಲ್ ಆರಂಭದ ಹೊತ್ತಿಗೆ ಗ್ರಿಡ್ಡನ್ನು ತುಸು ವೇಗವಾಗಿ ಓಡಿಸಿ ಸಾಲ ತೀರಿಸಲಾಯಿತು. ಮಾರ್ಚಿನಲ್ಲೇ ಕೈಯಾರೆ ಸರಿಮಾಡಿಕೊಂಡಿದ್ದವರ ಗಡಿಯಾರಗಳು ಈಗ ಆರು ನಿಮಿಷ ಮುಂದಿದ್ದವು.