ಇಂಗ್ಲಿಷ್ ಕಳೆದುಕೊಂಡ ‘ಇಸು’

ಶಂಕರಪುರ ಮಲ್ಲಿಗೆಯ ದರ ಏರಿತು. ವ್ಯಾಪಾರಿ ದರ ಏರಿಸಿದ. ಈ ಎರಡು ಮಾತಿನ ವ್ಯತ್ಯಾಸ ನಮ್ಮಲ್ಲಿ ಸಣ್ಣ ಮಗುವಿಗೂ ಗೊತ್ತು. ಅದನ್ನೇ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ‘ರೈಜ್’ ಬೇಕೋ ‘ರೇಜ್’ ಬೇಕೋ ಎಂದು ಡಿಗ್ರಿ ಆದವರೂ ತಡವರಿಸುತ್ತಾರೆ. ‘ಲೈ’–‘ಲೇ’, ‘ಸಿಟ್’–‘ಸೆಟ್’, ‘ಫಾಲ್’–‘ಫೆಲ್’ ಕೂಡ ಹೀಗೇ. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೇ ಹೀಗಾಯಿತು ಎಂದು ಮಕ್ಕಳು ತಲೆ ತಗ್ಗಿಸುವುದುಂಟು. ಇತಿಹಾಸ ಬೇರೆಯೇ ಹೇಳುತ್ತದೆ.

ತಾನೇ ಆಗುವುದು ಒಂದು, ಮಾಡಿಸುವುದು ಇನ್ನೊಂದು. ಕನ್ನಡ ಇವನ್ನು ‘ಇಸು’ ಸೇರಿಸಿ ಬೇರೆ ಮಾಡುತ್ತದೆ: ಮಲಗು–ಮಲಗಿಸು, ಬೀಳು–ಬೀಳಿಸು. ತುಳುವಿನಲ್ಲಿ ಆ ಕೆಲಸ ‘ಆವು’ ಮಾಡುತ್ತದೆ: ಕುಲ್ಲು–ಕುಲ್ಲಾವು, ಲಕ್ಕ್–ಲಕ್ಕಾವು. ಇಂಗ್ಲಿಷ್ ಮತ್ತು ಜರ್ಮನ್ ಹುಟ್ಟಿದ ಹಳೆಯ ಭಾಷೆಯಲ್ಲೂ ಇಂಥದೇ ಒಂದು ಪ್ರತ್ಯಯ ಇತ್ತು, ‘ಯನ್’ ಅಂತ. ಅದರ ‘ಯ’ಕಾರ ಹಿಂದಿನ ಸ್ವರವನ್ನು ಬದಲಿಸಿತು, ಕಾಲಕ್ರಮೇಣ ತಾನೇ ಸವೆದುಹೋಯಿತು. ‘ಸಿಟ್’ನಿಂದ ‘ಸೆಟ್’, ‘ಫಾಲ್’ನಿಂದ ‘ಫೆಲ್’ ಬೇರೆಯಾಗಿ ಉಳಿದದ್ದು ಹೀಗೆ. ಬಾಲ ಹೋಯಿತು, ಒಂದು ಸ್ವರದ ಗುರುತು ಮಾತ್ರ ಉಳಿಯಿತು.

‘ರೇಜ್’ ಕಥೆ ಸ್ವಲ್ಪ ಬೇರೆ. ಅದು ಸಮುದ್ರದ ಮೇಲೆ ಬಂದ ಪದ. 793ರಲ್ಲಿ ಲಿಂಡಿಸ್‌ಫಾರ್ನ್ ಮಠಕ್ಕೆ ನುಗ್ಗಿದ ವೈಕಿಂಗರ ಕಡೆಯವರು ಮುಂದೆ ಇಂಗ್ಲೆಂಡಿನಲ್ಲೇ ನೆಲೆಸಿದರು. ಅವರ ಭಾಷೆಯ ಪದವೇ ‘ರೇಜ್’ ಆಯಿತು. ಇಂಗ್ಲಿಷಿನ ಸ್ವಂತ ಪದ ‘ರಿಯರ್’ ಈಗ ಹೆಚ್ಚಾಗಿ ಕೋಳಿ, ದನ, ಮಕ್ಕಳನ್ನು ಸಾಕುವುದಕ್ಕೆ ಸೀಮಿತ.

ಗೊಂದಲ ಅವರಿಗೂ ತಪ್ಪಲಿಲ್ಲ. ‘ಲೈ’ ಪದದ ಭೂತಕಾಲವೂ ‘ಲೇ’ ಆಗಿರುವುದರಿಂದ ಎರಡೂ ಕಲಸಿಹೋದವು. ಇಂಗ್ಲಿಷಿನ ದೊಡ್ಡ ಕವಿ ಬೈರನ್ 1818ರಲ್ಲಿ ಪ್ರಕಟಿಸಿದ ಕಾವ್ಯದಲ್ಲೇ ‘ಲೈ’ ಇರಬೇಕಾದಲ್ಲಿ ‘ಲೇ’ ಇದೆ.

ಇತ್ತ 1894ರಲ್ಲಿ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ‘ಇಸು’ ಹತ್ತಿದ ಒಂದೇ ಕನ್ನಡ ಪದಕ್ಕೆ ಅವರು ಹಲವು ಕಡೆ ‘ಹೀಗಾಗುವಂತೆ ಮಾಡು’ ಎಂದು ಇಂಗ್ಲಿಷಿನಲ್ಲಿ ಎರಡು ಮೂರು ಪದ ಜೋಡಿಸಬೇಕಾಯಿತು.

ಇದು ಬರೀ ವ್ಯಾಕರಣದ ಮಾತಲ್ಲ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಂತೆ, ಕೆಲವು ಜಾತಿಗಳನ್ನು ಬಿಟ್ಟರೆ, ಮರ ಕಡಿಯಲು ಅನುಮತಿ ಬೇಕು. ಕಾರ್ಕಳದ ಕಡೆ ಮಳೆಗಾಲದ ಗಾಳಿಗೆ ಮರ ಬಿದ್ದರೆ ಅದು ‘ಫಾಲನ್’. ಕಡಿದು ಬೀಳಿಸಿದರೆ ‘ಫೆಲ್ಡ್’. ಮರ ತಾನಾಗಿ ಬಿತ್ತು ಎಂದು ಹೇಳಬೇಕಾದ ಅರ್ಜಿಯಲ್ಲಿ ‘ಫೆಲ್ಡ್’ ಎಂದು ಬರೆದರೆ, ನಾನೇ ಕಡಿದೆ ಎಂದು ಒಪ್ಪಿಕೊಂಡಂತೆ.

ಹಾಗಾಗಿ ಅರ್ಜಿಗೆ ಕೂರುವ ಮುಂಚೆ ವಾಕ್ಯವನ್ನು ಕನ್ನಡದಲ್ಲೋ ತುಳುವಿನಲ್ಲೋ ಒಮ್ಮೆ ಹೇಳಿಕೊಳ್ಳಿ. ‘ಇಸು’ ಅಥವಾ ‘ಆವು’ ಬಂದರೆ ರೇಜ್, ಲೇ, ಸೆಟ್, ಫೆಲ್. ಬಾರದಿದ್ದರೆ ರೈಜ್, ಲೈ, ಸಿಟ್, ಫಾಲ್. ಅನುಮಾನ ಉಳಿದರೆ ‘ಏನನ್ನು?’ ಎಂದು ಕೇಳಿ. ಮಲ್ಪೆಯಲ್ಲಿ ಬೋಟು ದಡದಲ್ಲಿ ಮಲಗಿದೆ. ಏನನ್ನು ಎಂಬ ಪ್ರಶ್ನೆ ಬರುವುದಿಲ್ಲ, ಹಾಗಾಗಿ ‘ಲೈ’. ಬಲೆಯನ್ನು ಹಾಸಿದರು, ಉತ್ತರ ಸಿಕ್ಕಿತು, ಹಾಗಾಗಿ ‘ಲೇ’. ಮನೆಯ ಮಕ್ಕಳಿಗೂ ಇದನ್ನು ಹೇಳಿಕೊಡಿ. ಇಂಗ್ಲಿಷ್ ಕಲಿಯಲು ಅವರ ಮನೆಮಾತು ಅಡ್ಡಿಯಲ್ಲ, ಅಳತೆಗೋಲು.